ಜನಗಣತಿಯಲ್ಲಿ ಎಳೆಯ ಮಕ್ಕಳು

ಐದು ವರ್ಷ ತುಂಬದ ಮಕ್ಕಳಲ್ಲಿ ಒಂದು ಪಾಲು ರಾಷ್ಟ್ರೀಯ ಜನಗಣತಿಯ ಪಟ್ಟಿಗೆ ಸೇರದೆ ಉಳಿಯುವುದನ್ನು ಎಳೆಯ ಮಕ್ಕಳ ಎಣಿಕೆ ಲೋಪ ಎನ್ನಬಹುದು. ಗಣತಿಯಿಂದ ತಪ್ಪಿಹೋಗುವವರೆಂದರೆ ಮನೆಮಠವಿಲ್ಲದವರು, ಊರೂರು ಅಲೆಯುವವರು, ಸರ್ಕಾರಕ್ಕೆ ಹೆಸರು ಕೊಡಲು ಹೆದರುವವರು ಎಂಬುದು ಸಾಮಾನ್ಯ ನಂಬಿಕೆ. ಅವರೂ ತಪ್ಪಿಹೋಗುತ್ತಾರೆ ನಿಜ. ಆದರೆ ಬೇರೆ ಬೇರೆ ದೇಶಗಳ ಗಣತಿಗಳನ್ನು ಒರೆಗೆ ಹಚ್ಚಿದಾಗ ಇನ್ನೊಂದು ಗುಂಪು ಮತ್ತೆ ಮತ್ತೆ ಎದ್ದು ಕಂಡಿದೆ. ಗೊತ್ತಿರುವ ವಿಳಾಸದಲ್ಲಿ, ಹಿರಿಯರ ಜೊತೆಯಲ್ಲೇ ಇರುವ ಹಸುಗೂಸುಗಳು ಮತ್ತು ಪುಟ್ಟ ಮಕ್ಕಳೇ ಆ ಗುಂಪು. ಗಣತಿದಾರ ಮನೆಯನ್ನು ತಲುಪದೇ ಇದ್ದದ್ದಷ್ಟೇ ಇದಕ್ಕೆ ಕಾರಣವಲ್ಲ. ತಲುಪಿದ ಮನೆಯಲ್ಲಿ, ಉತ್ತರ ಕೊಡುವ ಹಿರಿಯರ ಬಾಯಿಂದ ಮಗುವಿನ ಹೆಸರು ಬರದೇ ಇರುವುದು ಅದಕ್ಕಿಂತ ದೊಡ್ಡ ಕಾರಣ. ಹಾಗಾಗಿ ಗಣತಿದಾರರ ಸಂಖ್ಯೆಯನ್ನು ಹೆಚ್ಚಿಸಿದ ಮಾತ್ರಕ್ಕೆ ಈ ಲೋಪ ನೀಗುವುದಿಲ್ಲ. ಪ್ರಶ್ನೆಯನ್ನು ಯಾರ ಕುರಿತು, ಯಾವ ಕ್ರಮದಲ್ಲಿ ಕೇಳುತ್ತೇವೆ ಎಂಬುದು ಬದಲಾಗಬೇಕು.

ಲೋಪವನ್ನು ಅಳೆಯುವ ಬಗೆ

ಎಣಿಕೆಯಿಂದ ತಪ್ಪಿದವರನ್ನು ಎಣಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಗಣತಿಯ ನಂತರದ ಮಾದರಿ ಸಮೀಕ್ಷೆ. ಆಯ್ದ ಕೆಲವು ಪ್ರದೇಶಗಳಲ್ಲಿ ಮತ್ತೆ ಮನೆಮನೆಗೆ ಹೋಗಿ ವಿಚಾರಿಸಿ, ಸಿಕ್ಕ ಪಟ್ಟಿಯನ್ನು ಗಣತಿಯ ಪಟ್ಟಿಯೊಡನೆ ತಾಳೆ ನೋಡುವುದು. ಇನ್ನೊಂದು, ಜನಸಂಖ್ಯಾ ವಿಶ್ಲೇಷಣೆ. ಹಿಂದಿನ ಐದು ವರ್ಷಗಳ ಜನನಗಳಿಂದ ಮರಣಗಳನ್ನು ಕಳೆದು, ವಲಸೆಯನ್ನು ಹೊಂದಿಸಿ, ಗಣತಿಯ ದಿನ ಎಷ್ಟು ಮಕ್ಕಳಿರಬೇಕಿತ್ತು ಎಂದು ಲೆಕ್ಕ ಹಾಕುವುದು. ಎರಡನೆಯ ದಾರಿ ಫಲ ಕೊಡಬೇಕಾದರೆ ಜನನ ನೋಂದಣಿ ಹೆಚ್ಚುಕಡಿಮೆ ಪೂರ್ಣವಾಗಿರಬೇಕು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 1940 ಮತ್ತು 1950ರ ಗಣತಿಗಳಲ್ಲಿ ಆಗಷ್ಟೇ ಹುಟ್ಟಿದ ಶಿಶುಗಳಿಗೆ ಪ್ರತ್ಯೇಕ ಶಿಶುಚೀಟಿ ಬರೆಸಿ, ಅದನ್ನು ಜನನ ದಾಖಲೆಗಳೊಡನೆ ಹೋಲಿಸಲಾಯಿತು. ನೋಂದಣಿ ಎಷ್ಟು ಪೂರ್ಣವಾಗಿದೆ ಎಂದು ತಿಳಿಯುವುದು ಅದರ ಉದ್ದೇಶ. ಅಲ್ಲಿನ ನೋಂದಣಿ ಇಂದು ಬಹುತೇಕ ಪೂರ್ಣವಾಗಿರುವುದರಿಂದ ಮಕ್ಕಳ ಎಣಿಕೆ ಲೋಪವನ್ನು ಆ ದೇಶದ ಮಟ್ಟಿಗೆ ಖಚಿತವಾಗಿ ಹೇಳಬಹುದಾಗಿದೆ. ಈ ವಿಷಯದ ಅಧ್ಯಯನ ಹೆಚ್ಚಾಗಿ ಅಲ್ಲಿಯೇ ಬೆಳೆದದ್ದಕ್ಕೆ ಇದೂ ಒಂದು ಕಾರಣ. ಜನಸಂಖ್ಯಾತಜ್ಞ ವಿಲಿಯಂ ಓಹೇರ್ 2015ರಲ್ಲಿ ಈ ಒಂದು ವಿಷಯದ ಮೇಲೆಯೇ ಪುಸ್ತಕ ಪ್ರಕಟಿಸಿದರು.

ಜನಸಂಖ್ಯಾ ವಿಶ್ಲೇಷಣೆಯ ಪ್ರಕಾರ ಅಮೆರಿಕದಲ್ಲಿ ಐದು ವರ್ಷದೊಳಗಿನ ಮಕ್ಕಳ ನಿವ್ವಳ ಲೋಪ 1980ರಲ್ಲಿ ಶೇ. 1.4 ಇತ್ತು. 2010ಕ್ಕೆ ಅದು ಶೇ. 4.6ಕ್ಕೆ ಏರಿತು, ಅಂದರೆ ಹತ್ತಿರ ಹತ್ತಿರ 10 ಲಕ್ಷ ಮಕ್ಕಳು. 2020ರಲ್ಲಿ ಸುಮಾರು ಶೇ. 5.4 ಆಯಿತು. ಅದೇ 2020ರಲ್ಲಿ ಗಣತಿಯ ನಂತರದ ಸಮೀಕ್ಷೆ ಇಡೀ ದೇಶಕ್ಕೆ ಕಂಡ ನಿವ್ವಳ ಲೋಪ ಶೇ. 0.24 ಮಾತ್ರ. ಅದನ್ನು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಸೊನ್ನೆಯೆಂದೇ ಹೇಳಬಹುದು. ಒಟ್ಟು ಎಣಿಕೆ ಇಷ್ಟು ಕರಾರುವಾಕ್ಕಾಗಿರುವಾಗ ಒಂದೇ ಒಂದು ವಯೋಗುಂಪು ಇಷ್ಟು ದೊಡ್ಡ ಪ್ರಮಾಣದಲ್ಲಿ ಜಾರಿಹೋಗುತ್ತಿದೆ ಎಂದಮೇಲೆ, ಕಾರಣವನ್ನು ಗಣತಿಯ ಒಟ್ಟು ದಕ್ಷತೆಯಲ್ಲಿ ಹುಡುಕಿ ಪ್ರಯೋಜನವಿಲ್ಲ.

ಎಣಿಸಿದ ಮನೆಯಲ್ಲಿ ಎಣಿಸದ ಮಗು

ಮನೆಗಳೇ ತಪ್ಪಿಹೋಗುತ್ತಿದ್ದರೆ ಮಗುವಿನ ಜೊತೆಗೆ ತಾಯಿಯೂ, ಅಣ್ಣ ಅಕ್ಕಂದಿರೂ ಅದೇ ಪ್ರಮಾಣದಲ್ಲಿ ತಪ್ಪಿಹೋಗಬೇಕಿತ್ತು. ಹಾಗೆ ಆಗಿಲ್ಲ. 2020ರ ಸಮೀಕ್ಷೆಯಲ್ಲಿ 0-4 ವಯಸ್ಸಿನವರ ನಿವ್ವಳ ಲೋಪ ಶೇ. 2.79 ಇದ್ದರೆ, 5-9 ವಯಸ್ಸಿನವರದು ಬರೀ ಶೇ. 0.10. ಹತ್ತರಿಂದ ಹದಿನೇಳರವರ ಎಣಿಕೆ ಇರಬೇಕಾದ್ದಕ್ಕಿಂತ ತುಸು ಹೆಚ್ಚೇ ಬಂದಿತ್ತು. ಮೂವತ್ತರಿಂದ ನಲವತ್ತೊಂಬತ್ತರ ಹೆಂಗಸರ ಎಣಿಕೆಯೂ ಹಾಗೆಯೇ. ತಾಯಂದಿರ ವಯಸ್ಸಿನವರು ಪಟ್ಟಿಯಲ್ಲಿದ್ದಾರೆ, ಶಾಲೆಗೆ ಹೋಗುವವರು ಪಟ್ಟಿಯಲ್ಲಿದ್ದಾರೆ, ತೊಟ್ಟಿಲಿನವರು ಮಾತ್ರ ಇಲ್ಲ. ಮಗು ಶಾಲೆಗೆ ಸೇರುವ ವಯಸ್ಸಿಗೆ ಲೋಪ ಥಟ್ಟನೆ ಇಳಿಯುವುದನ್ನೂ ಗಮನಿಸಬೇಕು. ಮನೆಯ ಹೊರಗೆ ಒಂದು ಹಾಜರಿ ಪುಸ್ತಕದಲ್ಲಿ ಹೆಸರು ಹತ್ತಿದ ಮೇಲೆ ಮನೆಯವರ ಲೆಕ್ಕದಲ್ಲೂ ಆ ಮಗು ಒಬ್ಬ ವ್ಯಕ್ತಿಯಾಗಿ ನಿಲ್ಲುತ್ತದೆ ಎಂದು ಊಹಿಸುವುದು ತಪ್ಪಾಗಲಾರದು.

ಎರಡು ಅಳತೆಗಳ ನಡುವಿನ ಅಂತರ ಇದಕ್ಕಿಂತ ಬಲವಾದ ಸಾಕ್ಷ್ಯ. 2010ರಲ್ಲಿ ಜನಸಂಖ್ಯಾ ವಿಶ್ಲೇಷಣೆ ಶೇ. 4.6 ಎಂದಾಗ ಸಮೀಕ್ಷೆ ಕಂಡದ್ದು ಶೇ. 0.72 ಮಾತ್ರ. 2020ರಲ್ಲಿ ಒಂದು ಸುಮಾರು ಶೇ. 5.4 ಎಂದರೆ ಇನ್ನೊಂದು ಶೇ. 2.79 ಎಂದಿತು. ಆಸ್ಪತ್ರೆಯಲ್ಲಿ ಹುಟ್ಟಿ ನೋಂದಾಯಿತವಾದ ಮಕ್ಕಳು ಮನೆಬಾಗಿಲಲ್ಲಿ ನಿಂತು ಎರಡನೆಯ ಬಾರಿ ಕೇಳಿದಾಗಲೂ ಸಿಗಲಿಲ್ಲ. ಗಣತಿಯಲ್ಲಿ ಮಗುವನ್ನು ಬಿಟ್ಟ ಮನೆಯವರು ಸಮೀಕ್ಷೆಯಲ್ಲೂ ಬಿಟ್ಟರು ಎಂಬುದೇ ಇದರ ಸಹಜ ವಿವರಣೆ. ತಪ್ಪನ್ನು ಹುಡುಕಲು ಹೋದವರು ತಪ್ಪಿಗೆ ಕಾರಣವಾದ ಪ್ರಶ್ನೆಯನ್ನೇ ಅದೇ ಮನೆಯವರ ಮುಂದೆ ಇಟ್ಟರೆ, ಆ ತಪ್ಪು ಇನ್ನೊಮ್ಮೆ ನಡೆದು ಕಣ್ಮರೆಯಾಗುತ್ತದೆ.

ಮನೆಯವರು ಮಗುವನ್ನು ಯಾಕೆ ಬಿಡುತ್ತಾರೆ? ಮರೆವು ಇದರಲ್ಲಿ ಚಿಕ್ಕ ಪಾಲು. ಬಿಟ್ಟುಹೋಗುವ ಸಂಭವ ಹೆಚ್ಚಿರುವುದು ತಂದೆ, ತಾಯಿ, ಮಕ್ಕಳಷ್ಟೇ ಇರುವ ಮನೆಗಳಲ್ಲಿ ಅಲ್ಲ. ಸಂಬಂಧಗಳು ಸಿಕ್ಕಾಗಿರುವ ಮನೆಗಳಲ್ಲಿ. ಅಜ್ಜಿಯ ಹತ್ತಿರ ಬೆಳೆಯುವ ಮೊಮ್ಮಗು, ಬೇರೆಯಾದ ದಂಪತಿಗಳ ನಡುವೆ ವಾರಕ್ಕೊಮ್ಮೆ ಮನೆ ಬದಲಿಸುವ ಮಗು, ಬಂಧುಗಳ ಮನೆಯಲ್ಲಿ ತಾತ್ಕಾಲಿಕವಾಗಿ ತಂಗಿದ ಕುಟುಂಬದ ಮಗು, ಸಾಕಲು ಪಡೆದ ಮಗು: ಇವರ ವಿಷಯದಲ್ಲಿ ಪ್ರತಿ ಮನೆಯವರೂ ಇನ್ನೊಂದು ಮನೆಯವರು ಹೇಳಿಯಾರು ಎಂದುಕೊಳ್ಳುತ್ತಾರೆ. ಬಾಡಿಗೆ ಮನೆಯಲ್ಲಿ ಕರಾರಿಗಿಂತ ಹೆಚ್ಚು ಜನರಿದ್ದರೆ ಮಾಲೀಕರ ಭಯವೂ ಸೇರುತ್ತದೆ. ಕಾಗದದ ನಮೂನೆಯ ರಚನೆಯೂ ಇದಕ್ಕೆ ನೆರವಾಗಿದೆ. ಅಮೆರಿಕದ ನಮೂನೆಯಲ್ಲಿ ಪೂರ್ಣ ವಿವರಕ್ಕೆ ಜಾಗವಿದ್ದದ್ದು ಆರು ಜನರಿಗೆ ಮಾತ್ರ. ದೊಡ್ಡ ಕುಟುಂಬದಲ್ಲಿ ಹಿರಿಯರಿಂದ ಕಿರಿಯರಿಗೆ ಬರೆಯುತ್ತ ಹೋದರೆ ಜಾಗ ಮುಗಿಯುವ ಹೊತ್ತಿಗೆ ಉಳಿಯುವವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ.

ಭಾರತದ ಗಣತಿಯ ಸಂದರ್ಭ

ಭಾರತದಲ್ಲಿ ಮನೆಯವರೇ ನಮೂನೆ ತುಂಬಿ ಕಳಿಸುವ ಪದ್ಧತಿ ಇರಲಿಲ್ಲ. 1948ರ ಜನಗಣತಿ ಕಾಯ್ದೆಯ ಅಡಿಯಲ್ಲಿ ನೇಮಕವಾದ ಗಣತಿದಾರರು, ಅವರಲ್ಲಿ ಬಹುಮಂದಿ ಶಾಲಾ ಶಿಕ್ಷಕರು, ಮನೆಗೇ ಬಂದು ಕೇಳಿ ಬರೆದುಕೊಳ್ಳುತ್ತಿದ್ದರು. 2011ರ ಗಣತಿಯ ನಂತರದ ಸಮೀಕ್ಷೆ ಪ್ರತಿ 1000 ಜನರಿಗೆ 23 ಜನರ ನಿವ್ವಳ ಲೋಪವನ್ನು ಕಂಡಿತು. ಈ ಅಂಕಿಯೂ ಮನೆಬಾಗಿಲಲ್ಲಿ ಎರಡನೆಯ ಬಾರಿ ಕೇಳಿ ಪಡೆದದ್ದೇ. ಆದ್ದರಿಂದ ಎಳೆಯ ಮಕ್ಕಳ ಮಟ್ಟಿಗೆ ಇಂಥ ಸಮೀಕ್ಷೆ ನಿಜವಾದ ಲೋಪವನ್ನು ಕಡಿಮೆ ಮಾಡಿ ತೋರಿಸುವ ಸಾಧ್ಯತೆಯಿದೆ ಎಂದು ಅಮೆರಿಕದ ಅನುಭವದ ಬೆಳಕಿನಲ್ಲಿ ಹೇಳಬೇಕಾಗುತ್ತದೆ.

ಭಾರತದ ಗಣತಿ ನಿಯಮಗಳಲ್ಲಿ ಮಗುವಿಗಾಗಿಯೇ ಮಾಡಿದ ಏರ್ಪಾಡುಗಳಿವೆ. 2011ರಲ್ಲಿ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಲೆಕ್ಕಕ್ಕೆ ಹಿಡಿದ ಕ್ಷಣ ಮಾರ್ಚ್ 1ರ ಮಧ್ಯರಾತ್ರಿ 0 ಗಂಟೆ. ಗಣತಿದಾರ ಬಂದುಹೋದ ಮೇಲೆ ಆ ಕ್ಷಣದೊಳಗೆ ಹುಟ್ಟಿದ ಮಗುವನ್ನು ಸೇರಿಸಲು, ತೀರಿಕೊಂಡವರನ್ನು ಕಳೆಯಲು ಮಾರ್ಚ್ 1ರಿಂದ 5ರವರೆಗೆ ಪರಿಷ್ಕರಣೆಯ ಸುತ್ತು ನಡೆಯಿತು. ಹೆಸರಿಡದ ಕೂಸನ್ನು ಇಂಥವರ ಮಗು ಎಂದು ಬರೆದುಕೊಳ್ಳಬಹುದು. ನಾಮಕರಣ ಆಗಿಲ್ಲ ಎಂಬುದು ಬಿಡಲು ಕಾರಣವಾಗುವುದಿಲ್ಲ. ಒಂದು ವರ್ಷ ತುಂಬದ ಮಗುವಿನ ವಯಸ್ಸನ್ನು ಸೊನ್ನೆ ಎಂದು ಬರೆಯಬೇಕು. ಕಾಗದದ ಮೇಲೆ ಇವೆಲ್ಲ ಸರಿಯಾಗಿಯೇ ಇವೆ. ತೊಡಕು ಬರುವುದು ನಿಯಮವೂ ಮನೆಯ ರೂಢಿಯೂ ಎದುರುಬದುರಾದಾಗ.

ಕರ್ನಾಟಕದ ಕುಟುಂಬಗಳಲ್ಲಿ ಚೊಚ್ಚಲ ಬಾಣಂತನ ತವರಿನಲ್ಲಿ ನಡೆಯುವುದು ರೂಢಿ. ಬಾಣಂತಿ ಮತ್ತು ಕೂಸು ಮೂರು ತಿಂಗಳು, ಐದು ತಿಂಗಳು ಅಲ್ಲೇ ಇರುತ್ತಾರೆ. ಎಣಿಕೆಯ ಅವಧಿಯುದ್ದಕ್ಕೂ ತಮ್ಮ ಮನೆಯಲ್ಲಿ ಇಲ್ಲದವರನ್ನು ಅವರು ಇರುವ ಕಡೆಯೇ ಎಣಿಸಬೇಕೆಂಬುದು ಗಣತಿಯ ನಿಯಮ. ಆದರೆ ತವರಿನವರ ಕಣ್ಣಿಗೆ ಮದುವೆಯಾದ ಮಗಳು ಆ ಮನೆಯವಳಲ್ಲ, ಅವಳ ಮಗುವಂತೂ ಅಳಿಯನ ಮನೆಯದು. ಅಳಿಯನ ಮನೆಯವರಿಗೆ ಮಗು ಇನ್ನೂ ಮನೆ ತುಂಬಿಲ್ಲ. ಎರಡೂ ಕಡೆ ಯಾರೂ ಸುಳ್ಳು ಹೇಳದೆ ತಾಯಿ ಮಗು ಇಬ್ಬರೂ ಬಿಟ್ಟುಹೋಗಬಹುದು, ಇಲ್ಲವೇ ಎರಡೂ ಕಡೆ ಸೇರಬಹುದು. ತಾಯಿಯ ಹೆಸರಾದರೂ ಪಡಿತರ ಚೀಟಿಯಲ್ಲೋ ಮತದಾರರ ಪಟ್ಟಿಯಲ್ಲೋ ಇದ್ದು ನೆನಪಿಗೆ ಬರುತ್ತದೆ. ಕೂಸಿಗೆ ಆ ಆಸರೆಯೂ ಇಲ್ಲ. ಫೆಬ್ರವರಿ ಕಬ್ಬು ಅರೆಯುವ ಕಾಲವೂ ಹೌದು. ಕಬ್ಬಿನ ಗದ್ದೆಯ ಬದಿಯ ಗುಡಿಸಲುಗಳಲ್ಲಿ, ಇಟ್ಟಿಗೆ ಭಟ್ಟಿಗಳಲ್ಲಿ, ರಾಯಚೂರು ಯಾದಗಿರಿಗಳಿಂದ ಬೆಂಗಳೂರಿಗೆ ಬಂದ ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಗಣತಿದಾರ ಮೇಸ್ತ್ರಿಯನ್ನು ಕೇಳಿದರೆ ಸಿಗುವುದು ಕೂಲಿಯ ಲೆಕ್ಕ, ಮಕ್ಕಳ ಲೆಕ್ಕವಲ್ಲ.

ವಯಸ್ಸಿನ ತಪ್ಪು ಇದರ ಜೊತೆಗೆ ಸೇರಿಕೊಳ್ಳುತ್ತದೆ. ನಾಲ್ಕು ತುಂಬಿ ಐದರಲ್ಲಿ ನಡೆಯುತ್ತಿರುವ ಮಗುವಿಗೆ ಐದು ಎಂದೇ ಹೇಳುವುದು ವಾಡಿಕೆ. ಗಣತಿಗೆ ಬೇಕಾದದ್ದು ತುಂಬಿದ ವರ್ಷ. ಹೀಗೆ ಎಣಿಕೆಗೆ ಸಿಕ್ಕ ಮಕ್ಕಳೂ ಎಳೆಯರ ಗುಂಪಿನಿಂದ ಮೇಲಕ್ಕೆ ಜಾರುತ್ತಾರೆ. ವಯಸ್ಸಿನ ಲೆಕ್ಕ ಎಷ್ಟು ಸೂಕ್ಷ್ಮ ಎಂಬುದಕ್ಕೆ 2011ರ ಅಂಕಿಗಳೇ ಸಾಕ್ಷಿ. ಆರಂಭದ ತಾತ್ಕಾಲಿಕ ಅಂಕಿಗಳಲ್ಲಿ ದೇಶದ 0-6 ವಯಸ್ಸಿನ ಮಕ್ಕಳು 15.88 ಕೋಟಿ, ನಮೂನೆಗಳನ್ನು ಯಂತ್ರದಲ್ಲಿ ಓದಿಸಿ ಪ್ರಕಟಿಸಿದ ಅಂತಿಮ ಅಂಕಿಯಲ್ಲಿ 16.45 ಕೋಟಿ. ಒಟ್ಟು ಜನಸಂಖ್ಯೆ 10 ಲಕ್ಷದಷ್ಟೂ ಬದಲಾಗದಿದ್ದಾಗ ಮಕ್ಕಳ ಸಂಖ್ಯೆ 57 ಲಕ್ಷದಷ್ಟು ಏರಿತು. ಕರ್ನಾಟಕದಲ್ಲಿ ಒಟ್ಟು ಜನಸಂಖ್ಯೆ 6,11,30,704ರಿಂದ 6,10,95,297ಕ್ಕೆ ಇಳಿದರೂ ಮಕ್ಕಳ ಸಂಖ್ಯೆ 68.5 ಲಕ್ಷದಿಂದ 71.6 ಲಕ್ಷಕ್ಕೆ ಏರಿತು. ಮೊದಲ ಅಂಕಿಗೆ ಆಧಾರವಾದದ್ದು ಗಣತಿದಾರರು ಕೈಯಲ್ಲಿ ಕೂಡಿ ಬರೆದ ಸಾರಾಂಶ. ನಮೂನೆಯೊಳಗೆ ಬಂದ ಮಕ್ಕಳೂ ಕೂಡುವಾಗ ಜಾರಬಲ್ಲರು ಎಂದಮೇಲೆ ನಮೂನೆಯ ಹೊರಗೇ ಉಳಿದವರ ಪಾಡು ಹೇಳಬೇಕಿಲ್ಲ.

ಬಚ್ಚಿಟ್ಟ ಮಕ್ಕಳು

ಮಗುವನ್ನು ಬೇಕೆಂದೇ ಮರೆಮಾಡಿದ ಪ್ರಸಂಗಗಳಿಗೆ ಚೀನಾ ದೊಡ್ಡ ಉದಾಹರಣೆ. ಒಂದೇ ಮಗುವಿನ ನೀತಿ ಜಾರಿಯಲ್ಲಿದ್ದಾಗ ಮಿತಿ ಮೀರಿ ಹುಟ್ಟಿದ ಮಗುವಿಗೆ ಭಾರಿ ದಂಡ ಬೀಳುತ್ತಿತ್ತು; ಹೇಳದೇ ಇರುವುದೇ ಕುಟುಂಬಕ್ಕೂ ಕೆಲವು ಸ್ಥಳೀಯ ಅಧಿಕಾರಿಗಳಿಗೂ ಕ್ಷೇಮವಾಗಿತ್ತು. 1990ರ ಗಣತಿಯಲ್ಲಿ ಒಂದು ವರ್ಷ ತುಂಬದ ಮಕ್ಕಳು ಸುಮಾರು 2.3 ಕೋಟಿ. ಹತ್ತು ವರ್ಷಗಳ ನಂತರ ಅದೇ ತಂಡ ಹತ್ತು ವಯಸ್ಸಿನವರಾಗಿ ಎಣಿಕೆಗೆ ಬಂದಾಗ ಸುಮಾರು 2.6 ಕೋಟಿ. ಸಾವಿನಿಂದ ಕಡಿಮೆಯಾಗಬೇಕಿದ್ದ ತಂಡ ಬೆಳೆದಿತ್ತು! ಹೊರದೇಶದಿಂದ ಮಕ್ಕಳು ಬಂದದ್ದಲ್ಲ. ಬಚ್ಚಿಟ್ಟ ಮಕ್ಕಳು ಶಾಲೆಯ ವಯಸ್ಸಿಗೆ ಹೊರಬಂದದ್ದು. ಅಮೆರಿಕದಲ್ಲಿ 2020ರ ಗಣತಿಗೆ ಪೌರತ್ವದ ಪ್ರಶ್ನೆ ಸೇರಿಸುವ ಯತ್ನಕ್ಕೆ 2019ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತಡೆ ಬಿದ್ದರೂ, ವಲಸಿಗ ಕುಟುಂಬಗಳ ಅಂಜಿಕೆ ಪೂರ್ತಿ ಹೋಗಿತ್ತೆನ್ನಲಾಗದು. ಭಾರತದ ಗಣತಿ ಕಾಯ್ದೆಯ 15ನೇ ಸೆಕ್ಷನ್ ಗಣತಿಯ ದಾಖಲೆಗಳನ್ನು ಯಾರೂ ಪರಿಶೀಲಿಸದಂತೆ ಕಾಪಾಡುತ್ತದೆ. ಬಾಗಿಲಲ್ಲಿ ನಿಂತಾಗ ಅದನ್ನು ಸರಳವಾಗಿ ಹೇಳಿದರೆ ಮಾತ್ರ ಅದರ ಬಲ ಮನೆಯವರಿಗೆ ತಲುಪುತ್ತದೆ.

ಲೋಪದ ಫಲ

ಗಣತಿಯ ಅಂಕಿ ಹಣ ಹಂಚುವ ಅಳತೆಗೋಲು. ಅಮೆರಿಕದಲ್ಲಿ 2021ರ ಆರ್ಥಿಕ ವರ್ಷದಲ್ಲಿ 353 ಕೇಂದ್ರ ಕಾರ್ಯಕ್ರಮಗಳ 2.8 ಲಕ್ಷ ಕೋಟಿ ಡಾಲರಿಗೂ ಹೆಚ್ಚು ಹಣ ಗಣತಿ ಆಧಾರಿತ ಅಂಕಿಗಳ ನೆರವಿನಿಂದ ಹಂಚಿಕೆಯಾಯಿತು ಎಂದು ಅಲ್ಲಿನ ಸೆನ್ಸಸ್ ಬ್ಯೂರೋ ಲೆಕ್ಕ ಹಾಕಿದೆ. ಭಾರತದಲ್ಲಿ 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಫಲಾನುಭವಿಗಳ ಸಂಖ್ಯೆ ಪ್ರಕಟವಾದ ಕೊನೆಯ ಗಣತಿಗೆ ಕಟ್ಟುಬಿದ್ದಿದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ, ಕರ್ನಾಟಕದ ಮಟ್ಟಿಗೆ ತಿರುಮಕೂಡಲು ನರಸೀಪುರದಲ್ಲಿ, ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅಂಗನವಾಡಿಗಳನ್ನೂ ಜನಸಂಖ್ಯೆ ನೋಡಿಯೇ ಮಂಜೂರು ಮಾಡುತ್ತಾರೆ. ಹಣಕ್ಕಿಂತ ಕಣ್ಣಿಗೆ ಕಾಣದ ಕೆಡುಕು ಇನ್ನೊಂದಿದೆ. ಲಸಿಕೆಯ ಪ್ರಮಾಣ ಹೇಳುವಾಗ ಮೇಲಿನ ಅಂಕಿ ಲಸಿಕೆ ಪಡೆದವರು, ಕೆಳಗಿನದು ಒಟ್ಟು ಮಕ್ಕಳು. ಕೆಳಗಿನದು ನಿಜಕ್ಕಿಂತ ಚಿಕ್ಕದಾದರೆ ಸಾಧನೆ ನಿಜಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಕೆಲವೊಮ್ಮೆ ನೂರನ್ನೂ ದಾಟುತ್ತದೆ. ಲಸಿಕೆ ತಲುಪದ ಮಗುವೇ ಎಣಿಕೆಗೂ ಸಿಗದ ಮಗುವಾಗಿದ್ದರೆ ಕೊರತೆ ಕಾಣುವುದೇ ಇಲ್ಲ.

ಆಕ್ಷೇಪಗಳು

ಜನನ ನೋಂದಣಿಯೂ ಆಧಾರ್ ಸಂಖ್ಯೆಯೂ ಇರುವಾಗ ಗಣತಿಯಲ್ಲಿ ಮಕ್ಕಳಿಗಾಗಿ ಇಷ್ಟು ಹೆಣಗುವುದೇಕೆ ಎಂಬುದು ಮೊದಲ ಆಕ್ಷೇಪ. ಡೆನ್ಮಾರ್ಕ್ 1981ರಲ್ಲೇ ಮನೆಬಾಗಿಲಿಗೆ ಹೋಗದೆ ಬರೀ ದಾಖಲೆಗಳಿಂದ ಗಣತಿ ಮಾಡಿತು. ಆದರೆ ಅಲ್ಲಿ ಮನೆ ಬದಲಾಯಿಸಿದವರ ವಿಳಾಸವೂ ದಾಖಲೆಯಲ್ಲಿ ಬದಲಾಗುತ್ತದೆ. ಭಾರತದಲ್ಲಿ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ಐದು ವರ್ಷದೊಳಗಿನ ಮಕ್ಕಳಲ್ಲಿ ನೋಂದಣಿಯಾದವರು ಸುಮಾರು ಶೇ. 89. ಉಳಿದವರು ಗಣತಿಯಲ್ಲೂ ಬಿಟ್ಟುಹೋಗುವ ಸಂಭವ ಹೆಚ್ಚಿರುವ ಬಡ, ವಲಸಿಗ ಕುಟುಂಬಗಳವರೇ ಆಗಿರುವುದು ಹೆಚ್ಚು. ನೋಂದಾಯಿತ ಮಗುವಿನ ವಿಷಯದಲ್ಲೂ ದಾಖಲೆ ಹೇಳುವುದು ಅದು ಎಲ್ಲಿ ಹುಟ್ಟಿತು ಎಂದೇ ಹೊರತು ಈಗ ಎಲ್ಲಿದೆ ಎಂದಲ್ಲ. ಅಂಗನವಾಡಿ ಬೇಕಾಗುವುದು ಮಗು ಇರುವ ಊರಿನಲ್ಲಿ.

ಲೋಪದ ಪ್ರಮಾಣ ಗೊತ್ತಿದ್ದರೆ ಲೆಕ್ಕದಲ್ಲೇ ಸರಿಪಡಿಸಬಹುದಲ್ಲ ಎಂಬುದು ಎರಡನೆಯದು. ದೇಶದ ಮಟ್ಟದಲ್ಲಿ ಇದು ಸಾಧ್ಯ. ಅಮೆರಿಕದ ಬ್ಯೂರೋ 2020ರ ನಂತರದ ಜನಸಂಖ್ಯಾ ಅಂದಾಜುಗಳ ವಯೋಹಂಚಿಕೆಗೆ ಜನಸಂಖ್ಯಾ ವಿಶ್ಲೇಷಣೆಯನ್ನು ಆಧಾರವಾಗಿ ಬಳಸುತ್ತಿದೆ. ಆದರೆ ಪ್ರತಿನಿಧಿ ಸ್ಥಾನಗಳ ಹಂಚಿಕೆಗೆ ಮಾದರಿಯಿಂದ ಪಡೆದ ಅಂಕಿ ಸಲ್ಲದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1999ರಲ್ಲಿ ಹೇಳಿದೆ. ಎಂಥ ತಿದ್ದುಪಡಿಯೂ ದೇಶದಲ್ಲಿ ಎಷ್ಟು ಮಕ್ಕಳು ಬಿಟ್ಟುಹೋದರು ಎಂದು ಹೇಳಬಲ್ಲುದೇ ಹೊರತು ಯಾವ ಬೀದಿಯಲ್ಲಿ ಎಂದು ಹೇಳಲಾರದು. ಇಂದು ಬಿಟ್ಟುಹೋದವರು ಮುಂದಿನ ಗಣತಿಯಲ್ಲಿ ಸಿಗುತ್ತಾರೆ ಎಂಬುದು ಮೂರನೆಯ ಮಾತು. ಚೀನಾದಲ್ಲಿ ಸಿಕ್ಕರು, ನಿಜ. ಆದರೆ ಮೂರು ವರ್ಷದಲ್ಲಿ ತಪ್ಪಿದ ಮಗು ಹದಿಮೂರರಲ್ಲಿ ಸಿಕ್ಕರೆ ಅಂಗನವಾಡಿಯ ಕಾಲ ಮುಗಿದಿರುತ್ತದೆ. ಭಾರತದಲ್ಲಿ 2021ರ ಗಣತಿ ಕೋವಿಡ್‌ನಿಂದಾಗಿ ಮುಂದೂಡಿಕೆಯಾಗಿ, ಮುಂದಿನ ಗಣತಿಗೆ 2027ರ ಮಾರ್ಚ್ 1 ಗೊತ್ತಾಯಿತು. 2011ರಲ್ಲಿ ತಪ್ಪಿದ ಕೂಸಿಗೆ ಆ ಹೊತ್ತಿಗೆ ಹದಿನಾರು ತುಂಬಿರುತ್ತದೆ.

ಪರಿಹಾರದ ದಾರಿ

ಈ ಲೇಖನದ ವಾದಕ್ಕೆ ಬಲವಾದ ಆಕ್ಷೇಪ 2020ರ ಅಮೆರಿಕದಿಂದಲೇ ಬರುತ್ತದೆ. ಆ ನಮೂನೆಯಲ್ಲಿ ನವಜಾತ ಶಿಶುಗಳು, ಮೊಮ್ಮಕ್ಕಳು, ಸಾಕುಮಕ್ಕಳು ಬಿಟ್ಟುಹೋಗಿಲ್ಲ ತಾನೇ ಎಂದು ಹೆಸರಿಸಿ ಕೇಳಲಾಗಿತ್ತು. ಆದರೂ ಲೋಪ ಇಳಿಯಲಿಲ್ಲ, ಏರಿತು. ಸಾಂಕ್ರಾಮಿಕ ರೋಗದ ವರ್ಷ ಅದು ಎಂಬುದನ್ನು ಮರೆಯಬಾರದು. ಅದನ್ನು ಬಿಟ್ಟರೂ, ಆ ಪ್ರಶ್ನೆ ಬಂದದ್ದು ಮನೆಯಲ್ಲಿ ಎಷ್ಟು ಜನ ಎಂದು ಉತ್ತರಿಸಿಯಾದ ಮೇಲೆ. ಒಮ್ಮೆ ಅಂಕಿ ಬರೆದವರು ಅದನ್ನು ಸುಲಭವಾಗಿ ತಿದ್ದುವುದಿಲ್ಲ. ಕೊನೆಯಲ್ಲಿ ನೆನಪಿಸುವುದಕ್ಕೂ ಮೊದಲಲ್ಲೇ ಕೇಳುವುದಕ್ಕೂ ವ್ಯತ್ಯಾಸವಿದೆ.

ಮೊದಲಲ್ಲೇ ಮಗುವನ್ನು ಕೇಳಿದರೆ ಏನಾಗುತ್ತದೆ ಎಂಬುದಕ್ಕೆ ಭಾರತದ ಪಲ್ಸ್ ಪೋಲಿಯೊ ಅಭಿಯಾನ ಸಾಕ್ಷಿ. 1995ರಲ್ಲಿ ಆರಂಭವಾದ ಈ ಅಭಿಯಾನದಲ್ಲಿ ಕಾರ್ಯಕರ್ತೆಯರು ಮನೆಬಾಗಿಲಲ್ಲಿ ಕೇಳಿದ್ದು ಐದು ವರ್ಷದೊಳಗಿನ ಮಕ್ಕಳು ಇದ್ದಾರೆಯೇ ಎಂಬ ಒಂದೇ ಪ್ರಶ್ನೆ. ನೆಂಟರ ಮಗುವೋ ಬಾಡಿಗೆಯವರ ಮಗುವೋ ಎಂದು ನೋಡಲಿಲ್ಲ. ಹನಿ ಹಾಕಿದ ಮಗುವಿನ ಬೆರಳಿಗೆ ಶಾಯಿ ಹಚ್ಚಿದರು, ಮಗು ಸಿಗದ ಮನೆಯ ಗೋಡೆಗೆ ಗುರುತು ಹಾಕಿ ಮತ್ತೆ ಬಂದರು, ಬಸ್ ನಿಲ್ದಾಣ ಮತ್ತು ಇಟ್ಟಿಗೆ ಭಟ್ಟಿಗಳಲ್ಲೂ ಹುಡುಕಿದರು. ದೇಶದ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ವರದಿಯಾಯಿತು. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಕೈಗೆ ಸಿಗದವರೆಂದು ಕೈಬಿಟ್ಟ ಮಕ್ಕಳು, ಅವರನ್ನೇ ಕೇಳಿಕೊಂಡು ಹೋದಾಗ ಸಿಕ್ಕರು. ಗಣತಿ ಈ ಇಡೀ ಪದ್ಧತಿಯನ್ನು ಎತ್ತಿಕೊಳ್ಳಲಾರದು, ಎತ್ತಿಕೊಳ್ಳಬೇಕಾಗಿಯೂ ಇಲ್ಲ. ಪ್ರಶ್ನೆಯ ಕ್ರಮವನ್ನಷ್ಟೇ ಪಡೆದರೆ ಸಾಕು.

2027ರ ಗಣತಿಯ ಯೋಜನೆಯಲ್ಲಿ ಮೊಬೈಲ್ ಆ್ಯಪ್ ಬಳಕೆ ಮತ್ತು ಮನೆಯವರೇ ವಿವರ ತುಂಬುವ ಸ್ವಯಂ ಗಣತಿಯ ಅವಕಾಶ ಸೇರಿವೆ. ಎದುರಿಗೆ ಗಣತಿದಾರ ಇಲ್ಲದೆ ಮನೆಯವರೇ ಬರೆಯುವ ಪದ್ಧತಿಯ ಅಪಾಯವನ್ನು ಅಮೆರಿಕದ ಅನುಭವ ತೋರಿಸಿದೆ. ಪ್ರಶ್ನೆಯ ಕ್ರಮವನ್ನು ಸುಲಭವಾಗಿ ಬದಲಿಸಬಹುದಾದದ್ದೂ ಆ್ಯಪಿನಲ್ಲಿಯೇ. ಮುಖ್ಯಸ್ಥರ ಹೆಸರಿಗೆ ಮೊದಲು ಈ ಮನೆಯಲ್ಲಿ ಈಗ ಇರುವ ಅತಿ ಕಿರಿಯರು ಯಾರು ಎಂದು ಕೇಳುವುದು. ಬಾಣಂತನಕ್ಕೆ ಬಂದ ಮಗಳು, ಅಜ್ಜಿ ಬಳಿ ಬಿಟ್ಟ ಮೊಮ್ಮಗು, ಹೆಸರಿಡದ ಕೂಸು ಇದ್ದಾರೆಯೇ ಎಂದು ಬಿಡಿಬಿಡಿಯಾಗಿ ಕೇಳುವುದು. ಸಾಧ್ಯವಾದಲ್ಲೆಲ್ಲ ಮಗುವನ್ನು ನೋಡಿಕೊಳ್ಳುವ ಹೆಂಗಸರಿಂದಲೇ ಉತ್ತರ ಪಡೆಯುವುದು. ವಯಸ್ಸಿಗಾಗಿ ಹುಟ್ಟಿದ ದಿನಾಂಕವನ್ನು ತಾಯಿ ಕಾರ್ಡ್ ನೋಡಿ ಬರೆಯುವುದು. ವಲಸಿಗರ ಶೆಡ್ಡುಗಳಿಗೆ ಹೋಗುವಾಗ ಸ್ಥಳೀಯ ಅಂಗನವಾಡಿ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯುವುದು: ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ, ಗಣತಿದಾರರ ತರಬೇತಿಯಲ್ಲಿ ಸೇರಿಸಿದರೆ ಆಯಿತು. ಗಣತಿ ಮುಗಿದ ಮೇಲೆ 0-4 ವಯಸ್ಸಿನವರ ಲೋಪವನ್ನು ಜನನ ನೋಂದಣಿಯೊಡನೆ ತಾಳೆ ನೋಡಿ ಜಿಲ್ಲಾವಾರು ಪ್ರಕಟಿಸುವುದೂ ಅಗತ್ಯ. ಒಂದು ಗಣತಿ ಎಷ್ಟು ಪೂರ್ಣ ಎಂಬುದನ್ನು ಅದರ ಒಟ್ಟು ಮೊತ್ತದಿಂದ ತೀರ್ಮಾನಿಸಲಾಗದು. ಅತಿ ಕಿರಿಯ ವಯೋಗುಂಪಿನ ಅಂಕಿಯಿಂದಲೇ ತೀರ್ಮಾನಿಸಬೇಕು.